ಗೌರತ್ತೆಯ ಕೇದಗೆ

ಮೊನ್ನೆ ಹಾಸನದ ಅತ್ತರಿನ ಅಂಗಡಿಯವನು ನನ್ನ ಎರಡೂ ಮಣಿಕಟ್ಟಿಗೆ ಒಂದೊಂದು ಸುಗಂಧ ಸವರಿ, "ನಿಧಾನಕ್ಕೆ ನೋಡಿ ಮೇಡಂ" ಎಂದ. ಬಲಗೈಯಲ್ಲಿ ಲಾವಂಚದ ಬೇರಿಗೆ ಬೆರೆಸಿದ ಮಲ್ಲಿಗೆ. ಎಡಗೈಯಲ್ಲಿ ಕೇದಗೆ, ಅದರಡಿಯಲ್ಲಿ ಹೊಳೆದಂಡೆಯ ಹಸಿಮಣ್ಣು. ಕೊಳ್ಳಲು ಹೋಗಿದ್ದು ನಮ್ಮ ಗೌರತ್ತೆಗೆ. ಎರಡೂ ಒಂದು ಕಾಲಕ್ಕೆ ಅವಳ ವಾಸನೆಗಳೇ, ಕೇದಗೆಯನ್ನು ಅವಳಿಗೆ ತಪ್ಪಿಸಿದವಳು ಮಾತ್ರ ನಾನು.

ಹೊಳೆನರಸೀಪುರದಾಚೆ ಹೇಮಾವತಿಯ ದಂಡೆಗೆ ನಮ್ಮ ಹಳೆಯ ಮನೆಯಿತ್ತು. ನೀವೂ ಅಂಥ ಮನೆಯಲ್ಲಿ ಬೆಳೆದವರಾದರೆ ಗೊತ್ತಿರುತ್ತದೆ, ಕಣ್ಣು ಮುಚ್ಚಿಕೊಂಡು ನಡೆದರೂ ಯಾವ ಕೋಣೆಯೆಂದು ಮೂಗು ಹೇಳುತ್ತಿತ್ತು. ಗೌರತ್ತೆ ಅಪ್ಪನ ತಂಗಿ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಮಗೆಲ್ಲ ಹೂ ಕಟ್ಟಿಕೊಡುತ್ತಿದ್ದಳು, ತಾನು ಮುಡಿಯುವಂತಿರಲಿಲ್ಲ. ಅದು ಅನ್ಯಾಯವೆಂದು ಯಾರಿಗೂ ಅನ್ನಿಸಿರಲಿಲ್ಲ. ನಾನಂತೂ ಎಂಟು ವರ್ಷದ ಮಾತಿನಮಲ್ಲಿ. ಒಂದು ದಿನ ನೆಂಟರು ತುಂಬಿದ್ದ ಜಗಲಿಯಲ್ಲಿ ಅವಳ ಸೆರಗಿಗೆ ಮೂಗಿಟ್ಟು, "ಅತ್ತೆ ಸೀರೇಲಿ ಕೇದ್ಗೆ ವಾಸ್ನೆ" ಎಂದುಬಿಟ್ಟೆ. ಹೊಗಳಿದೆ ಎಂದೇ ನಾನು ತಿಳಿದಿದ್ದೆ. ಅಜ್ಜಿ ಎದ್ದುಹೋಗಿ ಅವಳ ಟ್ರಂಕು ತೆಗೆದಳು. ಸೀರೆಯ ಮಡಿಕೆಗಳೊಳಗೆ ಕೇದಗೆಯ ಒಣಗರಿಗಳಿದ್ದವು. "ಸಿವನ್ಗೇ ಬ್ಯಾಡ್ದಿದ್ ಊವ, ನಿಂಗ್ಯಾಕೇ ಬೇಕಾಗಿತ್ತು?" ಎಂದು ಎಲ್ಲರೆದುರು ಕೇಳಿ, ಅಷ್ಟನ್ನೂ ಒಲೆಗೆ ಹಾಕಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಅದು ನನಗೆ ಅರ್ಥವಾಗಿದ್ದು ಅವತ್ತು. ಗೌರತ್ತೆ ನನ್ನನ್ನು ಬೈಯಲಿಲ್ಲ. ಮುಂದೆ ಟ್ರಂಕಿನಲ್ಲಿ ಲಾವಂಚದ ಬೇರು ಇಟ್ಟುಕೊಂಡಳು. ಸೀರೆಗೆ ಹುಳ ಬೀಳದಿರಲೆಂದು ಇಡುವ ಬೇರಿಗೆ ಅಜ್ಜಿಯ ತಕರಾರಿರಲಿಲ್ಲ. ಬರಬರುತ್ತ ಗೌರತ್ತೆ ಎಂದರೆ ಲಾವಂಚ ಎಂದೇ ಎಲ್ಲರಿಗೂ ಆಯಿತು.

ಲಾವಂಚ ಕೊಂಡರೆ ಹಳೆಯದೇನೂ ಏಳುವುದಿಲ್ಲ. ಕೇದಗೆ ಕೊಂಡರೆ ತಪ್ಪು ಒಪ್ಪಿಕೊಳ್ಳಲೇಬೇಕು. ನನಗೆ ಹೆದರಿಕೆಯಾಗಿತ್ತು. ಅಂಗಡಿಯವನು ಎರಡು ಸಲ ಕೆಮ್ಮಿದ ಮೇಲೆ ಎಡಗೈ ಮುಂದೆ ಮಾಡಿದೆ.

ಹಳೆಯ ಮನೆ ಕೆಡವಿ ದೊಡ್ಡಪ್ಪನ ಮಗ ಆರ್‌ಸಿಸಿ ಮನೆ ಕಟ್ಟಿಸಿದ್ದಾನೆ. ಗೌರತ್ತೆ ಇರುವುದು ಅಲ್ಲೇ. ಹೊಳೆದಂಡೆಯಲ್ಲಿ ಕೇದಗೆಯ ಮೆಳೆ ಇದ್ದ ಕಡೆ ಈಗ ಪಂಪ್‌ಹೌಸ್. ಅಜ್ಜಿ, ಅಪ್ಪ, ಅವತ್ತು ಜಗಲಿಯಲ್ಲಿ ಕೂತಿದ್ದವರು ಒಬ್ಬರೂ ಉಳಿದಿಲ್ಲ. ಊರಿಗೆ ಹೋಗಿ ಗೌರತ್ತೆಯ ಸೆರಗಿಗೆ ಅತ್ತರು ಹಚ್ಚಿ, "ಅವತ್ತು ನಾನು ಅಂಗೆ ಅನ್ನಬಾರ್ದಿತ್ತು ಅತ್ತೆ" ಎಂದೆ. ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡು ಮತ್ತೆ ಮತ್ತೆ ಉಸಿರೆಳೆದಳು.

"ಮೂಗು ಕೆಟ್ಟು ಎಲ್ಡು ವರ್ಸಾತು ಕಣವ್ವ, ಏನೂ ಗೊತ್ತಾಗಾಕಿಲ್ಲ. ಯಾವ್ದಿದು?"

ನನಗೆ ಅಳು ಬಂತು. ಅಷ್ಟರಲ್ಲಿ ಅಡುಗೆಮನೆಯಿಂದ ಆ ಅಣ್ಣನ ಹೆಂಡತಿ ಕೇಳಿದಳು, "ಯಾರತ್ತೆ ಅದು, ಕೇದ್ಗೆ ಮುಡ್ಕಂಡ್ ಬಂದಿರೋದು? ಗಮ್ ಅಂತೈತೆ."

ಗೌರತ್ತೆ ಸೆರಗು ಇಳಿಸಿ ನನ್ನ ಮುಖ ನೋಡಿದಳು. ಆಮೇಲೆ ಒಳಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ನಾನೇ ಕಣವ್ವ."