ದೊರೆಸಾನಮ್ಮನ ಗಡಿಕಲ್ಲು

ಮದರಂಗಿ ಹೂವಿನ ವಾಸನೆ ಎಲ್ಲಿ ಸುಳಿದರೂ ನನಗೆ ತಮಿಳು ನಾಡಿನ ನುಂಗಂಬಾಕ್ಕಂನ ಆ ಬೇಲಿ ನೆನಪಾಗುತ್ತದೆ. ನಿಮಗೂ ಅಂಥದೊಂದು ಬೇಲಿ ಇದ್ದಿರಬಹುದು. ಈಚೆ ಅಪ್ಪಯ್ಯನ ಹೋಟೆಲು, ಅದರ ಬೆನ್ನಿಗೆ ನಮ್ಮ ಮನೆ. ಆಚೆ ದೊರೆಸಾನಮ್ಮನ ಹೆಂಚಿನ ಮನೆ. ಇಂಗ್ಲೆಂಡಿನ ಹಳ್ಳಿಯೊಂದರ ಪಾದ್ರಿಯ ಮಗಳು ಅವರು. ತಮ್ಮವರೆಲ್ಲ ಹಡಗು ಹತ್ತಿ ಹೋದ ಮೇಲೂ ಇಲ್ಲೇ ಉಳಿದು, ನಮ್ಮ ಇಡ್ಲಿ ತಿಂದು, ತಮಿಳು ಮಾತಾಡಿಕೊಂಡು ಒಬ್ಬರೇ ಇದ್ದರು. ಸಂಜೆ ಕಾಫಿ ಕುಡಿಯುತ್ತ ತಮ್ಮ ಸೀಮೆಯ ಸಂಗತಿ ಹೇಳುತ್ತಿದ್ದರು. ಅಲ್ಲಿ ಹಿಂದೆ ಜಿಲ್ಲೆಯೊಳಗೆ ‘ಹಂಡ್ರೆಡ್’ ಎಂಬ ವಿಭಾಗಗಳು, ಅವುಗಳೊಳಗೆ ಪ್ಯಾರಿಷ್‌ಗಳು, ಪ್ಯಾರಿಷ್‌ಗೊಂದು ಚರ್ಚು. “ನಮ್ ಮಾಗಣಿ, ದೇವಸ್ಥಾನ ಇದ್ದಾಂಗೆ ಅಲ್ದಾ! ಇದನ್ ಕಲ್ಸುಕೆ ದೊರೆಗಳೇ ಬರ್ಕಾ?” ಎಂದು ಕುಂದಾಪುರದ ಅಪ್ಪಯ್ಯ ನಗುತ್ತಿದ್ದರು.

ನಕ್ಷೆಗಳಿಲ್ಲದ ಕಾಲದಲ್ಲಿ ಆ ಜನ ವರ್ಷಕ್ಕೊಮ್ಮೆ ಹುಡುಗರನ್ನು ಕರೆದುಕೊಂಡು ಪ್ಯಾರಿಷ್‌ನ ಎಲ್ಲೆ ಸುತ್ತುತ್ತಿದ್ದರಂತೆ. ಗಡಿಕಲ್ಲು ಬಂದಲ್ಲಿ ಒಬ್ಬ ಹುಡುಗನನ್ನು ಎತ್ತಿ ಅದರ ಮೇಲೆ ಕುಕ್ಕುವುದು. ನೋವು ಮರೆಯುವುದಿಲ್ಲ; ನಾಳೆ ಜಗಳ ಬಂದರೆ ಅವನೇ ಸಾಕ್ಷಿ. ಬೇಸಗೆ ಬಂತೆಂದರೆ ದೊರೆಸಾನಮ್ಮ ನನ್ನನ್ನೂ ತಮ್ಮ ತೋಟದ ಸುತ್ತ ನಡೆಸಿ, ಕಲ್ಲುಗಳ ಮೇಲೆ ಕುಕ್ಕಿ, ಕೈಗೊಂದು ಬನ್ನು ಕೊಡುತ್ತಿದ್ದರು. “ಞಾಪಗಂ ವೆಚ್ಚುಕ್ಕೋ ಕಣ್ಣಾ.” ಎರಡು ಬನ್ನು ಕೊಟ್ಟರೆ ಇನ್ನೂ ಚೆನ್ನಾಗಿ ಜ್ಞಾಪಕವಿರುತ್ತದೆ ಎನ್ನುತ್ತಿದ್ದೆ ನಾನು.

ಹೋಟೆಲು ಬೆಳೆಯಿತು, ನೀರು ಸಾಲದಾಯಿತು. ದೊರೆಸಾನಮ್ಮ ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿದ್ದಾಗ ಅಪ್ಪಯ್ಯ ಬೇಲಿ ತಲುಪದ ಹಿಂದಿನ ಮೂಲೆಯ ಗಡಿಕಲ್ಲು ಕೀಳಿಸಿ ಅವರ ಬಾವಿಯ ಆಚೆ ನೆಡಿಸಿದರು. ಅವರು ಮರಳಿದ ಮೇಲೆ ಬೀದಿಯ ಹಿರಿಯರು ಸೇರಿದರು. ಜಾಗದ ಪತ್ರದಲ್ಲಿ ‘ಕಲ್ಲಿನವರೆಗೆ’ ಎಂದಷ್ಟೇ ಇತ್ತು. ದೊರೆಸಾನಮ್ಮ ನನ್ನತ್ತ ತೋರಿಸಿ, ಈ ಹುಡುಗನಿಗೆ ಗೊತ್ತು, ಇವನನ್ನೇ ಕೇಳಿ ಎಂದರು. ಅವರ ಮುಖದಲ್ಲಿ ಒಂದಿಷ್ಟೂ ಆತಂಕವಿರಲಿಲ್ಲ.

“ಹೆದ್ರಬೇಡ ಮಗಾ, ಹೇಳ್. ಕಲ್ ಎಲ್ಲಿದ್ದಿತ್ತ್?” ಎಂದರು ಅಪ್ಪಯ್ಯ.

ನಾನು ಹೊಸದಾಗಿ ನೆಟ್ಟ ಕಲ್ಲನ್ನು ತೋರಿಸಿದೆ. “ಇಲ್ಲೇ.”

ದೊರೆಸಾನಮ್ಮ ಬೈಯಲಿಲ್ಲ. ಮರುದಿನದಿಂದ ಬೆಳಿಗ್ಗೆ ಕೊಡ ಹಿಡಿದು ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. “ತಣ್ಣಿ ಎಡುತ್ತುಕ್ಕಟ್ಟುಮಾ ಕಣ್ಣಾ?” ತಮ್ಮ ಬಾವಿಯ ನೀರಿಗೆ ನನ್ನ ಅಪ್ಪಣೆ ಕೇಳುತ್ತಿದ್ದರು. ಸಾಯುವವರೆಗೂ ಹಾಗೆಯೇ ಕೇಳಿದರು.

ಈಗ ಅಪ್ಪಯ್ಯನೂ ಇಲ್ಲ, ಹೋಟೆಲೂ ಇಲ್ಲ. ಬಾವಿ ಮುಚ್ಚಿ ಅದರ ಮೇಲೆ ಕಟ್ಟಡ ಎದ್ದಿದೆ. ಆ ಕಲ್ಲು ಎಲ್ಲಿತ್ತೆಂದು ಇವತ್ತಿಗೂ ಕಣ್ಣು ಮುಚ್ಚಿ ತೋರಿಸಬಲ್ಲೆ. ಕೇಳುವವರು ಯಾರೂ ಉಳಿದಿಲ್ಲ.