ಲಂಡನ್ ಮಾಮನ ಕಾರ್ನೆಟ್

ಹೋದ ವಾರ ಬಾಗಲಕೋಟೆಯಲ್ಲಿ ನಾನು ಕೂತಿದ್ದ ಆಟೋ ಒಂದು ಮದುವೆ ಮೆರವಣಿಗೆಯ ಹಿಂದೆ ಸಿಕ್ಕಿಹಾಕಿಕೊಂಡಿತು. ಮುಂದೆ ಕುಣಿಯುವವರು, ಹಿಂದೆ ಹಾರ್ನ್ ಹೊಡೆಯುವವರು, ನಡುವೆ ತೊಡೆಯ ಮೇಲೆ ಬದನೆಕಾಯಿ ಚೀಲ ಇಟ್ಟುಕೊಂಡ ನಾನು. ಬ್ಯಾಂಡಿನವನೊಬ್ಬ ಊದುತ್ತ ಊದುತ್ತ ಹಿಂದೆ ಸರಿದು ಗಿರ್ರನೆ ತಿರುಗಿದ. ಅವನ ಹಿತ್ತಾಳೆ ಕಾರ್ನೆಟ್ಟಿನ ಅಗಲ ಬಾಯಿ ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಬಂತು. ಅದರ ಮೇಲೆ ಇಂಗ್ಲಿಷಿನಲ್ಲಿ ‘ಲಂಡನ್’ ಎಂದು ಕೊರೆದಿತ್ತು. ನನಗೆ ನಗು ತಡೆಯಲಿಲ್ಲ.

“ಏನಾತ್ರೀ ಅಕ್ಕಾರ?” ಎಂದ ಆಟೋದವನು.

“ಏನಿಲ್ಲಪಾ, ಲಂಡನ್ ನೆನಪಾತು.”

ಅವನು ಕನ್ನಡಿಯಲ್ಲಿ ನನ್ನನ್ನೂ ಬದನೆಕಾಯಿಯನ್ನೂ ಒಮ್ಮೆ ನೋಡಿ ಮತ್ತೆ ಹಾರ್ನ್ ಹೊಡೆದ.

ನನ್ನ ಲಂಡನ್ ಇದ್ದದ್ದು ಗುಳೇದಗುಡ್ಡದಲ್ಲಿ, ನನ್ನ ಸೋದರಮಾವನ ಮನೆಯಲ್ಲಿ. ಆ ಊರಿನ ಬಹಳ ಮಂದಿಯಂತೆ ಮಾಮನೂ ಖಣ ನೇಯುವವನು. ಖಣವೆಂದರೆ ಇಲಕಲ್ ಸೀರೆಗೆ ಜೋಡಿಯಾಗುವ ಕುಪ್ಪಸದ ಬಟ್ಟೆ ಎಂದು ನಿಮಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ತವರಿನ ಮಾತು ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ. ಪಡಸಾಲೆಯಲ್ಲೇ ಕುಣಿಮಗ್ಗ. ಮಾಮ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತ ಕೂತರೆ ಬಂದವರಿಗೆ ಅರ್ಧ ಮಾಮ ಮಾತ್ರ ಕಾಣುತ್ತಿದ್ದ. ಪೂರ್ತಿ ಮಾಮನನ್ನು ನೋಡಬೇಕೆಂದರೆ ಮದುವೆಯ ಸೀಜನ್ನಿನಲ್ಲಿ ಹೋಗಬೇಕು. ಆಗ ಅವನು ಕೆಂಪು ಕೋಟು, ಹೊಳೆಯುವ ಗುಂಡಿ, ತಲೆಗೆ ತುಸು ದೊಡ್ಡದಾದ ಟೊಪ್ಪಿಗೆ ಹಾಕಿಕೊಂಡು ಬ್ಯಾಂಡಿನ ಮುಂದೆ ನಿಲ್ಲುತ್ತಿದ್ದ. ಕೈಯಲ್ಲಿ ಕಾರ್ನೆಟ್. ಅದನ್ನು ಅವನ ಗುರು ಸಾಯುವಾಗ ಕೊಟ್ಟು, “ಇದು ಲಂಡನ್ ಮಾಲು, ಜ್ವಾಕಿಯಿಂದ ಇಟ್ಕೊ” ಎಂದಿದ್ದನಂತೆ. ಅಂದಿನಿಂದ ಊರಿಗೆ ಊರೇ ಅವನನ್ನು ಲಂಡನ್ ಮಾಮ ಎಂದು ಕರೆಯಿತು. ವಯಸ್ಸಿನಲ್ಲಿ ಅವನಿಗಿಂತ ಹಿರಿಯರೂ ಮಾಮ ಎನ್ನುತ್ತಿದ್ದರು.

ಲಂಡನ್ನಿನ ಬಗ್ಗೆ ಅವನ ತಿಳಿವಳಿಕೆ ಬಹಳ ಖಚಿತವಾಗಿತ್ತು. ಅಲ್ಲಿ ಸದಾ ಥಂಡಿ ಇರುವುದರಿಂದ ಹಿತ್ತಾಳೆ ಗಟ್ಟಿಯಾಗುತ್ತದೆ, ನಮ್ಮ ಬಿಸಿಲಿನಲ್ಲಿ ಎರಕ ಹೊಯ್ದರೆ ಸ್ವರ ಕರಗುತ್ತದೆ ಎನ್ನುತ್ತಿದ್ದ. ನಾನು ಬಾಗಲಕೋಟೆಯಲ್ಲಿ ಬಿ.ಎ. ಓದುತ್ತಿದ್ದವಳು, ಹೂಂ ಎನ್ನುತ್ತಿದ್ದೆ. ನನಗಾದರೂ ಲಂಡನ್ ಏನು ಗೊತ್ತಿತ್ತು?

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕುಳಗೇರಿ ಕ್ರಾಸಿನಲ್ಲಿ ನಮ್ಮ ಸಂಬಂಧಿಕರದೊಂದು ಮದುವೆಯಾಯಿತು. ಹೆಣ್ಣಿನ ಕಡೆಗೆ ಮಾಮನ ಬ್ಯಾಂಡು, ಗಂಡಿನ ಕಡೆಗೆ ಬಾದಾಮಿಯದೊಂದು ಬ್ಯಾಂಡು. ಊಟವಾದ ಮೇಲೆ ಎರಡೂ ಬ್ಯಾಂಡಿನವರು ಬೇವಿನ ಗಿಡದ ಕೆಳಗೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತರು. ಬಾದಾಮಿಯ ಮಾಸ್ತರ, “ನಂದೂ ಲಂಡನ್ನೇ ಐತ್ರೀ” ಎಂದ. ಮಾಮನಿಗೆ ಅದನ್ನು ಸಹಿಸಲಾಗಲಿಲ್ಲ. ನನ್ನನ್ನು ಕರೆದು ಎರಡೂ ಕಾರ್ನೆಟ್ ಕೈಗಿತ್ತ. “ಓದವಾ, ಇಂಗ್ಲಿಷಿನ್ಯಾಗ ಏನ್ ಬರದೈತಿ, ಎಲ್ಲಾರೂ ಕೇಳೂ ಹಂಗ ಓದು.”

ನನ್ನ ಇಂಗ್ಲಿಷ್ ನಾಲ್ಕು ಮಂದಿಯ ನಡುವೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ದನಿ ಏರಿಸಿ ಓದಿದೆ. ಇದರ ಮೇಲೂ ಲಂಡನ್, ಅದರ ಮೇಲೂ ಲಂಡನ್. ಕಂಪನಿಯ ಹೆಸರೂ ಒಂದೇ. ಕೆಳಗೆ ಕೊರೆದಿದ್ದ ನಂಬರನ್ನೂ ಓದಿದೆ. ಅದೂ ಒಂದೇ!

ಬಸ್ಸಿಗಾದರೂ ಒಂದಕ್ಕೊಂದು ಬೇರೆ ನಂಬರಿರುತ್ತದಲ್ಲ. ಹಾಗಾದರೆ ಒಂದು ಅಸಲಿ, ಇನ್ನೊಂದು ಡುಪ್ಲಿಕೇಟ್ ಎಂದು ಗದ್ದಲವೆದ್ದಿತು. ಡೋಲಿನವನು, ಅವನೂ ನೇಕಾರನೇ, ಜಗಳ ಬಿಡಿಸಲು ನೋಡಿದ: “ಒಂದ ಹಾಸಿನ್ಯಾಗ ನೇಯ್ದ ಎರಡು ಖಣ ಇದ್ದಂಗ, ಬಿಡ್ರಿ. ಅಣ್ಣ ತಮ್ಮ ಅವು.” ಎಲ್ಲರೂ ನಕ್ಕರು. ಯಾರೋ, “ಹಂಗಾರ ಲಂಡನ್ ಮಾಮಾ ಇನ್ನ ಡುಪ್ಲಿಕೇಟ್ ಮಾಮಾ” ಎಂದರು. ಅದಕ್ಕೂ ನಕ್ಕರು. ಮಾಮ ಮಾತ್ರ ನಗಲಿಲ್ಲ.

ಮನೆಗೆ ಬಂದವನೇ ಕಾರ್ನೆಟ್ಟನ್ನು ಗೋಡೆಯ ಗೂಟಕ್ಕೆ ನೇತುಹಾಕಿದ. ಆ ಸೀಜನ್ ಪೂರ್ತಿ ಮುಟ್ಟಲಿಲ್ಲ. ಬ್ಯಾಂಡಿನವರು ಬಂದು ಬಂದು ಹೋದರು. ಅತ್ತಿ, ಅಂದರೆ ಮಾಮನ ಹೆಂಡತಿ, ಕಂಡಿಕೆಗೆ ನೂಲು ಸುತ್ತುತ್ತ ಗೊಣಗುತ್ತಿದ್ದಳು. ಒಂದು ದಿನ ಮಾಮನೇ ಬಾಯಿಬಿಟ್ಟ: “ಸುಳ್ಳು ಸಾಮಾನು ಊದಿ ಅಷ್ಟು ಮಂದಿ ಲಗ್ನಾ ಮಾಡಿಸಿದ್ನಲ್ಲ, ಖರೆ ಏನು ಉಳೀತು ಇನ್ನ?”

ಅತ್ತಿ ರಾಟಿ ನಿಲ್ಲಿಸಿದಳು. “ನೀವು ಊದಿದ ಲಗ್ನದಾಗ ಹುಟ್ಟಿದ ಹುಡುಗೂರು ಸಾಲಿಗೆ ಹೊಂಟಾವು. ಅವೂ ಡುಪ್ಲಿಕೇಟ ಏನು?”

ನಾನು ಉಸಿರುಗಟ್ಟುವಷ್ಟು ನಕ್ಕೆ. ಮಾಮ ಎದ್ದು ಹೊರಗೆ ಹೋದ. ಅವನ ಬೆನ್ನು ನೋಡಿದಾಗ ಇದು ನಗುವ ಮಾತಲ್ಲ ಎಂದು ತಿಳಿಯಿತು. ಮಗ್ಗ ಅವನ ಹೊಟ್ಟೆಪಾಡು, ಕಾರ್ನೆಟ್ಟೇ ಅವನು. ಅದು ಗೂಟ ಬಿಟ್ಟು ಇಳಿಯದಿದ್ದರೆ ಪೂರ್ತಿ ಮಾಮನನ್ನು ನಾವು ಇನ್ನು ನೋಡುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು.

ದೀಪಾವಳಿ ಕಳೆದ ಮೇಲೆ, ದೂರದ ಉತ್ತರದಲ್ಲಿ ಬ್ಯಾಂಡಿನ ವಾದ್ಯ ತಯಾರಾಗುವ ಮೀರಠದಿಂದ ಒಬ್ಬ ಬಂದ. ಬ್ಯಾಂಡಿನವರಿರುವ ಊರೂರು ತಿರುಗಿ ವಾದ್ಯಗಳಿಗೆ ಆರ್ಡರು ಹಿಡಿಯುವುದು, ಹಳೆಯದನ್ನು ರಿಪೇರಿ ಮಾಡುವುದು ಅವನ ಕೆಲಸ. ಮಾಮ ತೋರಿಸಲು ಒಪ್ಪಲಿಲ್ಲ. ಅತ್ತಿಯೇ ಗೂಟದಿಂದ ಇಳಿಸಿ ಅವನ ಮುಂದಿಟ್ಟಳು. ಅವನು ಮೇಲಿನ ಇಂಗ್ಲಿಷಿನ ಕಡೆ ಕಣ್ಣೂ ಹಾಯಿಸಲಿಲ್ಲ. ಕಾರ್ನೆಟ್ಟನ್ನು ಮಗುಚಿ, ಕೊಳವೆ ಕೂಡುವಲ್ಲಿ ಹೆಬ್ಬೆರಳಾಡಿಸಿದ. ಅಲ್ಲಿ ಬೆಸುಗೆಯ ಸಣ್ಣದೊಂದು ಹನಿ ಉಳಿದುಕೊಂಡಿತ್ತು.

“ಯೇ ತೋ ಅಬ್ಬಾ ಕಾ ಹಾಥ್ ಹೈ,” ಎಂದ. ಇದು ನಮ್ಮಪ್ಪನ ಕೈ. ಅಪ್ಪ ತಾನು ಮಾಡಿದ ಪ್ರತಿಯೊಂದಕ್ಕೂ ಆ ಹನಿಯನ್ನು ಬೇಕೆಂದೇ ಒರೆಸದೆ ಬಿಡುತ್ತಾನಂತೆ. ಹೆಸರು, ನಂಬರು ಎಲ್ಲ ಆಮೇಲೆ ಅಂಗಡಿಯವರು ಎಲ್ಲಕ್ಕೂ ಒಂದೇ ಥರ ಹಾಕಿಸುವುದಂತೆ. ಲಂಡನ್ ಎಂದು ಕೊರೆಯದಿದ್ದರೆ ಯಾವ ಬ್ಯಾಂಡಿನವನೂ ಕೈಯಲ್ಲಿ ಮುಟ್ಟುವುದಿಲ್ಲವಂತೆ. ಅವನು ಇದನ್ನೆಲ್ಲ ಹೇಳುವಾಗ ಮುಖದಲ್ಲಿ ಕಳ್ಳತನವಿರಲಿಲ್ಲ, ಬೇಸರವೂ ಇರಲಿಲ್ಲ.

ಮಾಮ ಆ ಹನಿಯ ಮೇಲೆ ತಾನೂ ಹೆಬ್ಬೆರಳಾಡಿಸಿದ. ಆಮೇಲೆ ತನ್ನ ಮುರುಕು ಹಿಂದಿಯಲ್ಲಿ ಕೇಳಿದ್ದು ಒಂದೇ ಮಾತು: ನಿಮ್ಮಪ್ಪ ಊದುತ್ತಾನೇನು?

ಇಲ್ಲ ಎಂದ ಮೀರಠದವನು. ಒಂದು ಉಸಿರು ಬಿಟ್ಟು ದನಿ ಬಂತೋ ಇಲ್ಲವೋ ನೋಡಿ ಕೆಳಗಿಡುತ್ತಾನೆ, ಅಷ್ಟೇ. ಅವನ ಕೈಯಿಂದ ಹೋದದ್ದು ಎಲ್ಲಿ, ಯಾರ ಮದುವೆಯಲ್ಲಿ ಹಾಡುತ್ತದೋ ಅವನು ಒಂದು ಸಲವೂ ಕೇಳಿದವನಲ್ಲ.

ಮಾಮ ಎದ್ದ. ಕಾರ್ನೆಟ್ಟನ್ನು ಅಂಗಿಯ ತುದಿಯಿಂದ ಒರೆಸಿ, “ನಡಿ” ಎಂದ. ರಾತ್ರಿಯ ಕಡಿಮೆ ದರಕ್ಕೂ ಕಾಯದೆ ಹಾಡಹಗಲೇ ಚೌಕದ ಎಸ್.ಟಿ.ಡಿ. ಬೂತಿಗೆ ನಮ್ಮ ಮೆರವಣಿಗೆ ಹೊರಟಿತು: ಮಾಮ, ಮೀರಠದವನು, ಸೆರಗು ಸಿಕ್ಕಿಸಿಕೊಂಡ ಅತ್ತಿ, ನಾನು. ಮೀರಠಕ್ಕೆ ಫೋನು ಹತ್ತಿತು. ಮಗ ಅಪ್ಪನಿಗೆ ಏನೋ ಹೇಳಿ ರಿಸೀವರನ್ನು ಕಾರ್ನೆಟ್ಟಿನ ಬಾಯಿಗೆ ಹಿಡಿದ. ಆ ಗಾಜಿನ ಪೆಟ್ಟಿಗೆಯಲ್ಲಿ ನಿಂತು ಮಾಮ ಹೆಣ್ಣನ್ನು ಗಂಡನ ಮನೆಗೆ ಕಳಿಸುವಾಗಿನ ಧಾಟಿ ಊದಿದ. ಬೂತಿನವನು ಎರಡೂ ಕಿವಿ ಮುಚ್ಚಿಕೊಂಡ. ರಸ್ತೆಯಲ್ಲಿ ಹೋಗುವವರು ನಿಂತರು. ಮುಗಿದ ಮೇಲೆ ರಿಸೀವರ್ ಮಾಮನ ಕೈಗೆ ಬಂತು. ಆ ಕಡೆ ಮುದುಕ ಕೆಮ್ಮಿದ. ಆಮೇಲೆ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

“ಔರ್ ಏಕ್ ಬಾರ್, ಬೇಟಾ.”

ಮಾಮ ಇನ್ನೊಂದು ಸಲ ಊದಿದ. ಆಗ ಅವನ ಕಣ್ಣು ತುಂಬಿದ್ದು ಉಸಿರು ಕಟ್ಟಿದ್ದಕ್ಕೆ ಎಂದು ಅತ್ತಿ ಇವತ್ತಿಗೂ ವಾದಿಸುತ್ತಾಳೆ.

ಮನೆಗೆ ಬರುವ ದಾರಿಯಲ್ಲಿ ಮಾಮ ಹೇಳಿದ: “ನಾ ನೇಯ್ದ ಖಣ ಪುಣೇಕ ಹೋಗ್ತಾವ, ಸೊಲ್ಲಾಪುರಕ ಹೋಗ್ತಾವ. ಮ್ಯಾಲ ಅಂಗಡ್ಯಾವ್ರ ಚೀಟಿ. ಯಾರ ಮೈಮ್ಯಾಲ ಅದಾವೋ ನನಗ ಗೊತ್ತಿಲ್ಲ. ಯಾರರ ಒಬ್ಬಾಕಿ ಫೋನ್ ಮಾಡಿ, ಚಲೋ ಐತಿ ಅಂತಂದ್ರ ಹೆಂಗ ಅನಸ್ತಿತ್ತೋ.” ಮರುವಾರ ಅವನು ಕೆಂಪು ಕೋಟು ತೊಟ್ಟ. ಲಂಡನ್ದೇನ್ರೀ ಎಂದು ಕೇಳಿದವರಿಗೆಲ್ಲ, “ಮೀರಠದ್ದು, ಅಲ್ಲೊಬ್ರು ಹಿರ್ಯಾರ ಅದಾರ” ಎನ್ನುತ್ತಿದ್ದ. ಊರು ಕೇಳಬೇಕಲ್ಲ! ಕೊನೆಯವರೆಗೂ ಅವನು ಲಂಡನ್ ಮಾಮನಾಗಿಯೇ ಉಳಿದ.

ಮಾಮ ಹೋಗಿ ವರ್ಷಗಳಾದವು. ಹೋದ ವಾರ ಆ ಮೆರವಣಿಗೆ ಮುಂದೆ ಸರಿದು ನನ್ನ ಆಟೋಗೆ ದಾರಿ ಸಿಕ್ಕಿತು. ಮನೆಗೆ ಬಂದು ಬದನೆಕಾಯಿಯನ್ನು ಅಲ್ಲೇ ಬಿಟ್ಟು ಟ್ರಂಕು ತೆಗೆದೆ. ವರ್ಷವರ್ಷ ಮಾಮನ ಮನೆಯಲ್ಲೂ ಬೇರೆ ಮನೆಗಳಲ್ಲೂ ಮಡಿಲಿಗೆ ಉಡಿ ತುಂಬಿಸಿಕೊಂಡ ಖಣಗಳೆಲ್ಲ ಅದರಲ್ಲಿವೆ. ಇವುಗಳಲ್ಲಿ ಮಾಮ ನೇಯ್ದದ್ದು ಯಾವುದು? ತಿಳಿಯಲಿಲ್ಲ. ಮೀರಠದ ಮಗನಿಗೆ ಅಪ್ಪನ ಕೈ ತಿಳಿಯಿತು, ನನಗೆ ನನ್ನ ಮಾಮನ ಕೈ ತಿಳಿಯಲಿಲ್ಲ. ಇದಕ್ಕಿಂತ ಹೆಚ್ಚಿನ ಸಂಕಟ ನನಗೆ ಇತ್ತೀಚೆಗೆ ಆಗಿಲ್ಲ. ಮರುದಿನ ಗಂಟು ಕಟ್ಟಿಕೊಂಡು ಗುಳೇದಗುಡ್ಡದ ಬಸ್ಸು ಹತ್ತಿದೆ.

ಅತ್ತಿಗೆ ಈಗ ಕಣ್ಣು ಮಂಜು. ಖಣಗಳನ್ನು ಒಂದೊಂದಾಗಿ ತೊಡೆಯ ಮೇಲೆ ಹಾಸಿ ಅಂಚಿನ ಮೇಲೆ ಬೆರಳೆಳೆದಳು. ಒಂದು ಕಡೆ ಬೆರಳು ನಿಂತಿತು. “ಇದು ಅವರದು. ಕಾರ್ನೆಟ್ಟಿನ ಧಾಟಿ ನೆನಪಾತಂದ್ರ ಗುನುಗಿಕೋತ ಲಾಳಿ ಜಗ್ಗತಿದ್ರು. ಇಲ್ನೋಡು, ಅಂಚು ಬಿಗಿಯಾಗಿ ಸುಕ್ಕ ಬಿದ್ದೈತಿ. ನಾ ಎಷ್ಟು ಬೈತಿದ್ನಿ.”

ನಿನ್ನೆ ಆ ಖಣವನ್ನು ದರ್ಜಿಗೆ ಕೊಟ್ಟೆ. ಅವನು ಬಿಡಿಸಿ ನೋಡಿ ಮುಖ ಸಿಂಡರಿಸಿದ. “ಅಂಚಿನ್ಯಾಗ ಫಾಲ್ಟ್ ಐತ್ರೀ ಅಕ್ಕಾರ. ಕತ್ತರಿಸಿ ಒಗದು ಬಿಡ್ಲೇನು, ಇಲ್ಲಾ ಒಳಗ ಮಡಚಲಿ?”

“ಎರಡೂ ಬ್ಯಾಡಪಾ,” ಎಂದೆ. “ಅದು ನಮ್ಮ ಮಾಮನ ಕೈ. ತೋಳಿನ ಮ್ಯಾಲ ಎಲ್ಲಾರಿಗೂ ಕಾಣೂ ಹಂಗ ಹೊಲಿ.”