ಉಂಡು ಹೋದವರು ತಂದ ಸಾಕ್ಷಿ

ಹುಮನಾಬಾದಿನ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಸಂಬಳಕ್ಕಿರುವ ಶಂಕರಲಿಂಗನಿಗೆ ತಾನು ಅರ್ಧ ವಕೀಲ ಎಂಬ ಭ್ರಮೆ. ಮೊಬೈಲಿನಲ್ಲಿ ನೋಡಿದ ವಿಡಿಯೋಗಳೇ ಅವನ ಲಾ ಕಾಲೇಜು. ಬಸವಕಲ್ಯಾಣದಲ್ಲಿ ಹೊಲದ ತಕರಾರಿನ ವಿಚಾರಣೆಗೆ ಚಿಕ್ಕಪ್ಪನ ಹೆಂಡತಿ ಕಸ್ತೂರಿಬಾಯಿಯ ಜೊತೆ ಇಸ್ತ್ರಿ ಅಂಗಿ ತೊಟ್ಟು ಹೊರಟವನು ಬಸ್ಸಿನಲ್ಲೇ ಅಪ್ಪಣೆ ಕೊಟ್ಟಿದ್ದ: "ಕಾಕು, ನೀ ಸುಮ್ನ ಕುಂದ್ರು. ಮಾತು ನಾ ನೋಡ್ಕೋತೀನಿ."

ಕಸ್ತೂರಿಬಾಯಿ ಸುಮ್ಮನೆ ಕೂರುವ ಹೆಂಗಸಲ್ಲ. ಗಂಡ ತೀರಿದ ಮೇಲೆ ಮಂಠಾಳದ ಮನೆಮನೆಗೆ ಎಮ್ಮೆ ಹಾಲು ಹಾಕಿ ಎರೆಹೊಲ ಕೊಂಡವಳು. ಪಹಣಿಯಲ್ಲಿ ಅವಳ ಹೆಸರೊಂದೇ. ನೀರಿಗೆ ಮಾತ್ರ ಇಂದಿಗೂ ಪಕ್ಕದ ಹೊಲದವರ ಬಾವಿ. ಅವರ ಮೋಟಾರು ಬಿಡುವಾಗುವ ತನಕ ಬದುವಿನ ಮೇಲೆ ನಿಂತು, ಅವರ ಸೊಸೆಯ ಗೊಣಗಾಟ ಕೇಳಿ, ಆಮೇಲೆ ನೀರು ತಿರುಗಿಸಿಕೊಳ್ಳಬೇಕು. ಈ ಬೇಸಿಗೆಯಲ್ಲಿ ತನ್ನದೇ ಬಾವಿ ತೋಡಿಸಬೇಕೆಂದು ಹೊಲದ ನಡುವೆ ಜಾಗ ನೋಡಿಸಿದ್ದಳು.

ಅದೇ ಜಾಗದ ಮೇಲೆ ಗ್ಯಾಸ್ ಪೈಪಿನ ಗುರುತು ಬಿತ್ತು. ಹೊಲ ನಿಮ್ಮದೇ, ಬಿತ್ತಿ ಬೆಳೆಯಿರಿ ಎಂದಿತು ನೋಟಿಸು. ಆದರೆ ಪೈಪು ಹೋದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಮರ ಹಚ್ಚುವಂತಿಲ್ಲ, ಬಾವಿ ತೋಡುವಂತಿಲ್ಲ, ಎಂದೆಂದಿಗೂ. ಪೈಪನ್ನು ಬದುವಿನ ಗುಂಟ ಸರಿಸಿ ಎಂದು ಅವಳು ಗಡುವಿನೊಳಗೇ ತಕರಾರು ಕೊಟ್ಟಿದ್ದಳು.

ವಿಚಾರಣೆಯಲ್ಲಿ ಗ್ಯಾಸ್ ಕಂಪನಿಯ ಏಜೆಂಟ್ ಪ್ರೇಮಕುಮಾರ ಒಂದು ದೊಡ್ಡ ಫೋಟೋವನ್ನು ಅಧಿಕಾರಿಯ ಮೇಜಿನ ಮೇಲಿಟ್ಟ. ಎಳ್ಳಮಾವಾಸ್ಯೆಯ ದಿನದ್ದು. ಅಂದು ಹೊಲಕ್ಕೆ ಬಂದವರನ್ನು, ಅವರು ಯಾರೇ ಇರಲಿ, ಉಣ್ಣಿಸದೆ ಕಳಿಸುವ ಪದ್ಧತಿ ಆ ಸೀಮೆಯಲ್ಲಿಲ್ಲ. ಅಳತೆಗೆ ಬಂದವರೂ ಹಾಗೇ ಪಂಕ್ತಿಗೆ ಕೂತಿದ್ದರು. ಕಸ್ತೂರಿಬಾಯಿ ನಗುತ್ತ ಸಜ್ಜೆ ರೊಟ್ಟಿ, ಕಾಳು-ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ ಬಡಿಸುತ್ತಿದ್ದಾಳೆ. ಏಜೆಂಟನ ಹೆಗಲ ಮೇಲೆ ಕೈ ಹಾಕಿ, ಕಪ್ಪು ಕನ್ನಡಕ ಏರಿಸಿ, ಮದುವೆಯ ಗಂಡಿನಂತೆ ಹಲ್ಲು ಕಿರಿದು ನಿಂತವನು ಶಂಕರಲಿಂಗ.

"ಸಾಹೇಬ್ರ, ಹೊಲದವ್ರ ಜೋಡಿ ಸಭಾ ಆಗ್ಯದ. ಖುಷೀಲೆ ಒಪ್ಯಾರ. ಮುಖಾ ನೋಡ್ರಿ ಬೇಕಾದ್ರ," ಎಂದ ಪ್ರೇಮಕುಮಾರ.

ಅರ್ಧ ವಕೀಲ ಎದ್ದು ನಿಂತ. "ಅದು... ಸರ್... ಊಟದ್ದು..." ಅಲ್ಲಿಗೆ ಅವನ ವಾದ ಮುಗಿಯಿತು.

"ನೀ ಕುಂದ್ರೋ, ಹೀರೋ!" ಕಸ್ತೂರಿಬಾಯಿ ಅವನ ಅಂಗಿ ಜಗ್ಗಿದಳು. ಆಮೇಲೆ ಏಜೆಂಟನ ಕಡೆ ತಿರುಗಿದಳು. "ಏನಪಾ ಪ್ರೇಮಕುಮಾರ, ಭಜ್ಜಿ ಎರಡನೇ ಸಲ ಹಾಕಿಸ್ಕೊಂಡಿ. ಆಗ ಪೈಪಿನ ಮಾತು ಒಂದರೆ ತಗದಿ? ಉಣ್ಣಾಕ ಹಾಕಿದಾಕಿ ಹೊಲಾ ಬರದ ಕೊಟ್ಟಂಗಂದ್ರ, ಅವತ್ತ ಉಂಡ ಮಂದೀನೆಲ್ಲಾ ಕರೀಲೇನು? ಎಲ್ಲಾರೂ ಹಂಚ್ಕೋರಿ! ನಾಚ್ಗಿ ಬರಂಗಿಲ್ಲೇನು ನಿಮಗ?"

"ಇವರ ಸಹಿ ಎಲ್ಲದ?" ಅಧಿಕಾರಿ ಕೇಳಿದರು.

"ಫೋಟೋ ಅದಲ್ರಿ, ಸರ್..."

"ಊಟಾ ಹಾಕಿದ್ದು ಒಪ್ಪಿಗಿ ಅಲ್ಲ." ಅಧಿಕಾರಿ ಫೋಟೋವನ್ನು ಹಿಂದಕ್ಕೆ ತಳ್ಳಿ, ಎರಡು ಸಾಲು ಗೀಚಿ ಪೆನ್ನು ಮುಚ್ಚಿದರು. "ಮತ್ತೊಮ್ಮಿ ಅಳತಿ ಮಾಡಸ್ತೀನಿ, ಅಮ್ಮಾ. ಇನ್ನ ನಡೀರಿ."

"ಗೆದ್ವಿ, ಕಾಕು!" ಎಂದು ಶಂಕರಲಿಂಗ ಬಾಗಿಲ ತನಕ ಹೋಗಿಬಿಟ್ಟ. ಅವಳು ಏಳಲಿಲ್ಲ.

"ಏನ್ ಬರದ್ರಿ? ಓದ್ರಿ."

"ಮರು ಅಳತೆಗೆ ಸೂಚಿಸಿದೆ."

"ಬಾವಿ ಎಲ್ಲದರಿ ಅದರಾಗ? ಬಾವಿ ಜಾಗಾ ಬಿಟ್ಟು, ಬದುವಿನ ಗುಂಟ ಅಳೀಬೇಕಂತ ಬರೀರಿ. ಅಳೆಯೂವಾಗ ನಾ ಇರಬೇಕಂತಾನೂ ಬರೀರಿ. ಅಲ್ಲೀತನಾ ನಾ ಏಳಂಗಿಲ್ಲ."

"ಹೊರಗ ಮಂದಿ ಕಾಯಾಕತ್ತಾರಮ್ಮಾ."

"ಕಾಯ್ಲಿ. ಅವ್ರಿಗೂ ಹೊಲ ಅದಾವ."

ಅಧಿಕಾರಿ ಪೆನ್ನಿನ ಟೊಪ್ಪಿಗೆ ತೆಗೆದರು.